ಎಡಗಾಲು ನನ್ನ ಹಿಸ್ಸೆ

ನನಗೂ ನನ್ನ ಅಣ್ಣನಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಯಾವಾಗಿನಿಂದ ಆಗುವುದಿಲ್ಲ ಎಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ. ಅವನು ಬಸವಕಲ್ಯಾಣದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ನಾನು ಹುಮನಾಬಾದಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುತ್ತೇನೆ. ನಡುವಿನ ದಾರಿ ದೊಡ್ಡದೇನಲ್ಲ, ಬಸ್ಸುಗಳೂ ಬೇಕಾದಷ್ಟಿವೆ. ಆದರೂ ಒಬ್ಬರ ಮನೆಗೆ ಒಬ್ಬರು ಹೋಗುವುದು ಗಾಡಿ ತರುವುದಕ್ಕೆ ಮಾತ್ರ.

ಗಾಡಿ ಎಂದರೆ ಅಪ್ಪನ ಬುಲೆಟ್. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುವ ಹಳೆಯ ಕಾಲದ ಗಾಡಿ. ಅಪ್ಪ ಅದರ ಮೇಲೆ ಜೋಳದ ಚೀಲವನ್ನೂ ತಂದಿದ್ದಾನೆ, ಮದುಮಗನನ್ನೂ ತಂದಿದ್ದಾನೆ. ಅವನು ತೀರಿಕೊಂಡ ಮೇಲೆ ಆಸ್ತಿಯ ವಾಟಣಿ ಆಯಿತು. ಹೊಲ ಹರಿದು ಎರಡಾಯಿತು. ಗಿರಣಿ ಅಣ್ಣನಿಗೆ ಹೋಯಿತು, ಹುಮನಾಬಾದಿನ ಜಾಗ ನನಗೆ ಬಂತು. ಹಿತ್ತಾಳೆಯ ಕೊಡಗಳನ್ನೂ ಬಿಡದೆ ಹಂಚಿಕೊಂಡೆವು. ಹಂಚಲಾಗದೆ ಉಳಿದದ್ದು ಅವ್ವ ಮತ್ತು ಬುಲೆಟ್.

ನಮ್ಮ ಕಡೆ ಒಂದು ಬಾವಿ ಇಬ್ಬರ ಪಾಲಿಗೆ ಬಂದರೆ ಬಾವಿಯನ್ನು ಒಡೆಯುವುದಿಲ್ಲ, ನೀರಿಗೆ ಪಾಳಿ ಹಚ್ಚುತ್ತಾರೆ. ಇಷ್ಟು ದಿನ ನೀನು ಹಾಯಿಸು, ಇಷ್ಟು ದಿನ ಅವನು ಹಾಯಿಸಲಿ. ಕೂಡಿದ ಹಿರಿಯರು ಬುಲೆಟ್ಟಿಗೂ ಅವ್ವನಿಗೂ ಹಾಗೆಯೇ ಪಾಳಿ ಹಚ್ಚಿದರು. ದೀಪಾವಳಿಯಿಂದ ಬಸವ ಜಯಂತಿಯವರೆಗೆ ನನ್ನ ಪಾಳಿ, ಅಲ್ಲಿಂದ ಮತ್ತೆ ದೀಪಾವಳಿಯವರೆಗೆ ಅಣ್ಣನದು. ಅವ್ವ ಯಾರ ಮನೆಯಲ್ಲಿದ್ದಾಳೋ ಗಾಡಿ ಅವರ ಮನೆಯಲ್ಲಿ. ಅವಳಿಗೆ ಶುಗರ್ ಇದೆ, ಮೊಣಕಾಲು ನೋವಿದೆ. ದವಾಖಾನೆಗೆ ಕೂಡಿಸಿಕೊಂಡು ಹೋಗಲು ಗಾಡಿ ಬೇಕಲ್ಲ. ಯಾರ ಪಾಳಿಯಲ್ಲಿ ಏನು ಕೆಡುತ್ತದೋ ಅದನ್ನು ಅವರೇ ಸರಿ ಮಾಡಿ ಒಪ್ಪಿಸಬೇಕು. ಇದಿಷ್ಟು ಕರಾರು.

ಒಂದು ದೀಪಾವಳಿಗೆ ಗಾಡಿ ತರಲು ಬಸವಕಲ್ಯಾಣಕ್ಕೆ ಹೋದಾಗ ಮುಂದಿನ ಫೋರ್ಕಿನ ಎರಡೂ ಕಾಲುಗಳ ಮೇಲೆ ಎಣ್ಣೆ ಇಳಿದಿತ್ತು. ಫೋರ್ಕು ಎಂದರೆ ಮುಂದಿನ ಗಾಲಿಯನ್ನು ಎರಡೂ ಬದಿಗೆ ಹಿಡಿದಿರುವ ಕಾಲುಗಳು. ಒಂದೊಂದು ಕಾಲಿನಲ್ಲಿ ಮೇಲೆ ಹೊಳೆಯುವ ಪೈಪು, ಕೆಳಗೆ ಅದು ಜಾರಿ ಇಳಿಯುವ ಕೊಳವೆ, ಒಳಗೆ ಸ್ಪ್ರಿಂಗು ಮತ್ತು ಎಣ್ಣೆ. ಎಣ್ಣೆ ಹೊರಗೆ ಬಾರದಂತೆ ಕೊಳವೆಯ ಬಾಯಿಗೆ ರಬ್ಬರಿನ ಸೀಲು. ಎಣ್ಣೆ ಇಳಿದಿದೆ ಎಂದರೆ ಸೀಲು ಹೋಗಿದೆ ಎಂದರ್ಥ.

"ನಿನ್ನ ಪಾಳಿಯಾಗ ಸೋರಾಕತ್ತದ. ಮಾಡ್ಸಿ ಕೊಡು," ಎಂದೆ.

"ನೀ ಕೊಡುವಾಗ ಒರಸಿ ಕೊಟ್ಟಿದ್ದಿ. ಸೋರೂದು ನಿನ್ನ ಮನಿಯಿಂದ ಬಂದದ."

"ಒರಸೂದು ನೀ ನೋಡಿದ್ದಿ ಏನು?"

"ನಿನ್ನ ನೋಡೀನಲ, ಸಣ್ಣವ ಇದ್ದಾಗಿಂದ. ಅಷ್ಟು ಸಾಕು."

ಮುಡಬಿಯಿಂದ ಬಂದಿದ್ದ ಸೋದರಮಾವ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ. ನಮ್ಮ ಜಗಳ ಕೇಳಿ ಕೇಳಿ ಅವನ ಚಹಾ ಆರಿತ್ತು. "ಕಾಲು ಎರಡವ, ನೀವೂ ಇಬ್ಬರಿದ್ದೀರಿ. ಒಂದೊಂದು ಕಾಲು ಹಂಚ್ಕೊಂಡು ಸಾಯ್ರಿ ಅತ್ತ," ಎಂದು ಎದ್ದು ಹೋದ.

ಅವನು ಬೇಸತ್ತು ಆಡಿದ ಮಾತು ಅದು. ನಾವು ಅದನ್ನು ತೀರ್ಪು ಮಾಡಿಕೊಂಡೆವು. ವಾಟಣಿಯಲ್ಲಿ ಮನೆಯ ಬಲಭಾಗ ಹಿರಿಯ ಮಗನಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ಬಲಗಾಲು ಅಣ್ಣನದಾಯಿತು, ಎಡಗಾಲು ನನ್ನದು. ಅವನ ಕಾಲಿಗೆ ನಾನು ನಟ್ಟು ಬಿಚ್ಚುವ ಪಾನಾ ಹಚ್ಚಬಾರದು, ನನ್ನ ಕಾಲಿಗೆ ಅವನು ಕೈ ಹಚ್ಚಬಾರದು.

ಯಾವ ಮೆಕ್ಯಾನಿಕ್ ಕೇಳಿದರೂ ನಗುವಂಥ ಮಾತು. ಎರಡೂ ಕಾಲಿಗೆ ಒಂದೇ ಎಣ್ಣೆ, ಒಂದೇ ಅಳತೆ, ಒಂದೇ ಉದ್ದದ ಸ್ಪ್ರಿಂಗು ಇರಬೇಕೆಂದು ನಾನು ಗಿರಾಕಿಗಳಿಗೆ ದಿನವೂ ಹೇಳುತ್ತಿದ್ದೆ. ಆದರೆ ಅಣ್ಣನ ಎದುರು ನನ್ನ ಕಸುಬು ನನಗೆ ಮರೆತುಹೋಗುತ್ತಿತ್ತು. ನಾನು ಎಡಗಾಲು ಬಿಚ್ಚಿ ಹೊಸ ಸೀಲು, ಹೊಸ ಬುಷ್ ಹಾಕಿ ದಪ್ಪ ಎಣ್ಣೆ ತುಂಬಿದೆ. ಅವನು ತನ್ನ ಪಾಳಿ ಬಂದಾಗ ಬಲಗಾಲಿಗೆ ಬಸವಕಲ್ಯಾಣದ ಯಾರದೋ ಕೈಯಿಂದ ತೆಳು ಎಣ್ಣೆ ಹಾಕಿಸಿದ. ಗಾಡಿ ತಗ್ಗಿಗೆ ಇಳಿದರೆ ಒಂದು ಕಾಲು ಕುಗ್ಗಿ, ಇನ್ನೊಂದು ಬಿಗಿದು ನಿಂತು, ಹ್ಯಾಂಡಲ್ಲು ಕೈಯಲ್ಲಿ ಹೊರಳುವಂತಾಯಿತು.

ಅಣ್ಣ ಫೋನು ಮಾಡಿದ. "ಕುಂಟ್ತದ. ನಿನ್ನ ಕಾಲು ಕಟಗಿ ಆಗ್ಯಾದ."

"ನನ್ನ ಕಾಲು ಬರೋಬರ್ ಅದ. ನಿಂದ ನೀರಾಗ್ಯಾದ."

"ಮೆಕ್ಯಾನಿಕ್ ಅಂತ ಬೋರ್ಡ್ ಹಾಕ್ಕೊಂಡಿದಿಯಲ, ಅದನ್ನ ಮೊದಲ ಇಳಸು."

ಒಬ್ಬರ ಎಣ್ಣೆಯ ಡಬ್ಬಿಯನ್ನು ಇನ್ನೊಬ್ಬರಿಗೆ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಮರುವರ್ಷ ದೀಪಾವಳಿಗೆ ಅವನ ಕಾಲಿನ ಸೀಲು ಮತ್ತೆ ಹೋಗಿತ್ತು, ಅಂಗಡಿಗೆ ಹೊಸದು ಬಂದಿರಲಿಲ್ಲ. ನಾಲ್ಕು ದಿನ ತಡೆ, ಹಾಕಿಸಿ ನಾನೇ ತಂದುಕೊಡುತ್ತೇನೆ ಎಂದು ಅಣ್ಣ ಕೇಳಿದ. ಅವನು ನನ್ನನ್ನು ಏನಾದರೂ ಕೇಳಿದ್ದು ಅದೊಂದೇ ಸಲ. ನಾನು ಅವನ ಅಂಗಳದಲ್ಲಿ ನಿಂತು ಸೋದರಮಾವನಿಗೆ ಫೋನು ಹಚ್ಚಿ, ಓಣಿಯವರಿಗೆಲ್ಲ ಕೇಳುವಂತೆ, "ನಿಮ್ಮ ದೊಡ್ಡ ಅಳಿಯ ಮಾತಿಗಿ ತಪ್ಪ್ಯಾನ್ರಿ, ಬರ್ರಿ," ಎಂದೆ. ಅಣ್ಣ ಗಾಡಿಯನ್ನು ಹಾಗೆಯೇ ಟೆಂಪೋಕ್ಕೆ ಏರಿಸಿಕೊಟ್ಟ. ಅವತ್ತು ನನಗೆ ಬಹಳ ಸಂತೋಷವಾಯಿತು. ಆ ಸಂತೋಷವೇ ಮುಂದೆ ನನ್ನ ಬಾಯಿ ಕಟ್ಟಿತು.

ಹೊಸ ಸೀಲು ಬಂದ ಮೇಲೆ ಅಣ್ಣ ಬಸವಕಲ್ಯಾಣದಿಂದ ಆಳು ಕಳಿಸಿ ತನ್ನ ಕಾಲಿಗೆ ಹಾಕಿಸಿದ. ಆ ಪಾಳಿ ಮುಗಿಯಲು ಸ್ವಲ್ಪ ದಿನ ಉಳಿದಿದ್ದಾಗ ನಾನು ಬುಲೆಟ್ ತೆಗೆದುಕೊಂಡು ಹುಡಗಿ ಎಂಬ ಊರಿಗೆ ಹೋಗಿದ್ದೆ. ಅಲ್ಲಿಯ ಒಬ್ಬ ಗಿರಾಕಿಯ ಗಾಡಿ ಹೊಲದಲ್ಲಿ ನಿಂತಿತ್ತು. ಬರುವಾಗ ನೀರಿನ ಪೈಪಿಗಾಗಿ ರಸ್ತೆಗೆ ಅಡ್ಡ ಅಗೆದು ಹಾಗೆಯೇ ಬಿಟ್ಟಿದ್ದ ತಗ್ಗು ನನಗೆ ಕಾಣಲಿಲ್ಲ. ಕಾಣಲಿಲ್ಲ ಎನ್ನುವುದೂ ಪೂರ್ತಿ ಖರೆಯಲ್ಲ. ಎದುರಿನಿಂದ ಬಂದ ಪರಿಚಯದವನಿಗೆ ಕೈ ಎತ್ತುತ್ತಿದ್ದೆ. ಮುಂದಿನ ಗಾಲಿ ತಗ್ಗಿನ ಅಂಚಿಗೆ ಬಡಿದು ನಾನು ಹ್ಯಾಂಡಲ್ಲಿನ ಮೇಲೆ ಬಿದ್ದೆ. ಗಾಡಿ ಬೀಳಲಿಲ್ಲ. ಎದೆ ಹಿಡಿದುಕೊಂಡು ಹಾಗೆಯೇ ಓಡಿಸಿಕೊಂಡು ಬಂದೆ, ಆದರೆ ಹ್ಯಾಂಡಲ್ಲು ನೆಟ್ಟಗಿದ್ದರೆ ಗಾಲಿ ಸೊಟ್ಟ, ಗಾಲಿ ನೆಟ್ಟಗಿದ್ದರೆ ಹ್ಯಾಂಡಲ್ಲು ಸೊಟ್ಟ.

ಇಂಥ ಗಾಡಿ ಬಂದರೆ ಮೊದಲು ಗಾಲಿ ತೆಗೆದು ಆಕ್ಸಲ್ ನೋಡುತ್ತೇನೆ. ಅದು ಸರಿಯಿತ್ತು. ಕಾಲುಗಳನ್ನು ಹಿಡಿದಿರುವ ಬೋಲ್ಟು ಸಡಿಲಿಸಿ ಮತ್ತೆ ಬಿಗಿದು ನೋಡುತ್ತೇನೆ, ಕೆಲವೊಮ್ಮೆ ಬರೀ ತಿರುಚಿಕೊಂಡಿರುತ್ತದೆ. ಅದರಿಂದಲೂ ಸರಿಹೋಗಲಿಲ್ಲ. ಆಮೇಲೆ ಉಳಿಯುವುದು ಪೈಪು. ನನ್ನ ಎಡಗಾಲು ಬಿಚ್ಚಿ, ಪೈಪು ಹೊರತೆಗೆದು ಒರೆಸಿ, ಅಂಗಡಿಯ ದಪ್ಪ ಗಾಜಿನ ಮೇಲಿಟ್ಟು ಉರುಳಿಸಿದೆ. ನೆಟ್ಟಗಿನ ಪೈಪು ಗಾಜಿಗೆ ಅಂಟಿಕೊಂಡು ಉರುಳುತ್ತದೆ. ನನ್ನದು ಪ್ರತಿ ಸುತ್ತಿನಲ್ಲೂ ಒಮ್ಮೆ ಎದ್ದು ಬಿತ್ತು. ಕೆಳಗಿನಿಂದ ಬೆಳಕು ಕಂಡಿತು.

ಹೊಸ ಪೈಪು ಹುಮನಾಬಾದಿನಲ್ಲಿ ಇರಲಿಲ್ಲ. ಸೋಲಾಪುರದ ಅಂಗಡಿಯವರು ತರಿಸಬೇಕು, ಹಬ್ಬ ದಾಟುತ್ತದೆ ಎಂದರು. ಅಂದರೆ ಅಣ್ಣನಿಗೆ ಫೋನು ಮಾಡಿ ನಾಲ್ಕು ದಿನ ತಡೆ ಎನ್ನಬೇಕಿತ್ತು. ಅವನ ಅಂಗಳದಲ್ಲಿ ನಿಂತು ನಾನು ಏನು ಮಾಡಿದ್ದೆನೋ ಅದನ್ನು ಅವನು ನನ್ನ ಅಂಗಡಿಯ ಮುಂದೆ ನಿಂತು ಮಾಡುತ್ತಾನೆ. ಫೋನು ಕೈಯಲ್ಲಿ ಹಿಡಿದು ಇಟ್ಟೆ, ಹಿಡಿದು ಇಟ್ಟೆ. ಕೊನೆಗೆ ಪೈಪನ್ನು ಗೋಣಿತಾಟಿನಲ್ಲಿ ಸುತ್ತಿ ಟ್ರ್ಯಾಕ್ಟರ್ ರಿಪೇರಿಯವರ ಪ್ರೆಸ್ಸಿಗೆ ಒಯ್ದು ನೆಟ್ಟಗೆ ಒತ್ತಿಸಿಕೊಂಡು ಬಂದೆ.

ಈಗ ಗಾಜಿನ ಮೇಲೆ ಹೆಚ್ಚುಕಡಿಮೆ ಸರಿಯಾಗಿ ಉರುಳಿತು. ಆದರೆ ಬಗ್ಗಿದ ಜಾಗದಲ್ಲಿ ಹೊಳಪಿನ ಮೇಲೆ ಉಗುರಿಗೆ ತಾಕುವಂಥ ಒಂದು ಗೆರೆ ಎದ್ದಿತ್ತು. ನನಗೆ ಕೆಲಸ ಕಲಿಸಿದ ಉಸ್ತಾದರು ಇಂಥ ಪೈಪನ್ನು ಒತ್ತಿಸುತ್ತಿರಲಿಲ್ಲ. ಗರಗಸದಿಂದ ಕೊಯ್ದು ಮೂಲೆಗೆ ಎಸೆಯುತ್ತಿದ್ದರು, ಯಾವನಾದರೂ ಆಸೆಬಿದ್ದು ಮತ್ತೆ ಹಾಕಬಾರದೆಂದು. ಒಮ್ಮೆ ಬಗ್ಗಿದ್ದು ಅದೇ ಜಾಗದಲ್ಲಿ ಮತ್ತೆ ಬಗ್ಗುತ್ತದೆ, ಇಲ್ಲವೇ ಮುರಿಯುತ್ತದೆ. ಯಾವಾಗ ಎಂದು ಹೇಳಲಾಗುವುದಿಲ್ಲ. ನಾನು ಅದನ್ನು ಕೊಯ್ಯಲಿಲ್ಲ. ಹಳೆಯ ಬುಲೆಟ್ಟಿನಲ್ಲಿ ಪೈಪಿನ ಮೇಲರ್ಧಕ್ಕೆ ತಗಡಿನ ಕವರು ಇರುತ್ತದೆ. ಆ ಗೆರೆ ಸರಿಯಾಗಿ ಕವರಿನ ಒಳಗೆ ಹೋಯಿತು. ಹೊರಗಿನಿಂದ ಏನೂ ಕಾಣುವಂತಿರಲಿಲ್ಲ.

ಬಸವ ಜಯಂತಿಯ ಮರುದಿನ ಅಣ್ಣ ಬಸ್ಸಿನಿಂದ ಇಳಿದು ಬಂದ. ಹೆಗಲಿಗೆ ಒಂದು ಚೀಲ, ಅದರಲ್ಲಿ ಅವನದೇ ಪಾನಾಗಳು, ಅವನದೇ ಎಣ್ಣೆ. ನನ್ನ ಅಂಗಡಿಯಲ್ಲಿ ಎಲ್ಲ ಇದ್ದರೂ ಅವನು ಏನನ್ನೂ ಮುಟ್ಟುವುದಿಲ್ಲ. ಅವ್ವ ಆಗಲೇ ಸೀರೆ ಉಟ್ಟು, ಔಷಧದ ಚೀಲ ಮಡಿಲಲ್ಲಿಟ್ಟುಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು.

ಅಣ್ಣ ಹ್ಯಾಂಡಲ್ಲಿನ ಮೇಲೆ ಎರಡೂ ಕೈ ಊರಿ ಮುಂಭಾಗವನ್ನು ಒತ್ತಿದ. ಬಿಟ್ಟ. ಫೋರ್ಕು ಮೇಲೆ ಬರುವಾಗ ನಡುವೆ ಒಮ್ಮೆ ತಡೆದು ಆಮೇಲೆ ಬಂತು.

"ಹಿಡೀತದಲ," ಎಂದ.

"ನಿನ್ನ ಕಾಲಾಗ ಎಣ್ಣಿ ಕಮ್ಮಿ ಇರಬೇಕು."

"ಹೋದ ಸಲ ತೆಳು ಅಂದಿ, ಈಗ ಕಮ್ಮಿ ಅಂತಿ?"

"ತೆಳುನೂ ಅದ, ಕಮ್ಮಿನೂ ಅದ. ನೋಡ್ಕೊ ಹೋಗು."

ಅವನು ಅಂಗಿ ತೆಗೆದು ಬನಿಯನ್ನಿನ ಮೇಲೆ ರಸ್ತೆಯ ಪಕ್ಕದಲ್ಲಿಯೇ ಕೂತ. ವೈಶಾಖದ ಬಿಸಿಲು. ಗಾಲಿ ತೆಗೆದ. ಮಡ್ಗಾರ್ಡ್ ತೆಗೆದ. ಮೇಲಿನ ನಟ್ಟು ಬಿಚ್ಚಿ ತನ್ನ ಬಲಗಾಲನ್ನು ಕೆಳಗೆ ಜಗ್ಗಿ ತೆಗೆದ. ಗಿರಣಿಯವನು, ಫೋರ್ಕಿನ ಕೆಲಸ ಅವನದಲ್ಲ. ಸ್ಪ್ರಿಂಗು ಹೊರತೆಗೆಯುವಾಗ ಕೈ ಕೊಯ್ದುಕೊಂಡ, ಎಣ್ಣೆ ಪ್ಯಾಂಟಿನ ಮೇಲೆ ಚೆಲ್ಲಿಕೊಂಡ. ನನಗೆ ಗೊತ್ತಿತ್ತು, ಆ ಕಾಲಿನಲ್ಲಿ ಏನೂ ಕೆಟ್ಟಿಲ್ಲ. ಕೆಟ್ಟಿರುವ ಕಾಲು ಅವನ ಮೊಣಕೈಗೆ ತಾಗುವಷ್ಟು ಹತ್ತಿರ, ಬೇರೆ ಬದಿಗೆ, ತಗಡಿನ ಒಳಗೆ ನಿಂತಿತ್ತು. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಅಡಿಕೆ ಹಾಕಿಕೊಂಡು ನೋಡಿದೆ.

ಅವ್ವ ತಡೆಯಲಾರದೆ ಹೇಳಿದಳು. "ಏ ತಮ್ಮ, ನೀ ಜರಾ ನೋಡಬಾರದೇನು? ಅವಗ ತಿಳಿವಲ್ದು."

"ನನ್ನ ಕಾಲು ನಾ ನೋಡೀನಿ ಅವ್ವ. ಅವನ ಕಾಲು ಅವ ನೋಡ್ಲಿ."

"ಬಿಡವ್ವ, ಇವನ ಕೈ ಹತ್ತಿದ್ರ ಛಲೋ ಇದ್ದಿದ್ದೂ ಕೆಡ್ತದ," ಎಂದ ಅಣ್ಣ, ತಲೆ ಎತ್ತದೆ.

ಅವನು ತನ್ನ ಪೈಪನ್ನು ಒರೆಸಿ ನನ್ನ ಗಾಜಿನ ಹತ್ತಿರ ತಂದ. ಅದನ್ನು ಮಾತ್ರ ಕೇಳದೆ ಬಳಸಿದ. ಪೈಪು ಗಾಜಿನ ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಉರುಳಿತು. ಅವನು ನನ್ನ ಮುಖ ನೋಡಿದ.

"ನಂದು ಸೀದಾ ಅದ. ನಿಂದು ತಗದು ಉರುಳ್ಸು."

"ಯಾಕ?"

"ಯಾಕಂದ್ರ? ನೋಡಾಕ."

"ನಾ ಮೆಕ್ಯಾನಿಕ್ ಇದೀನಿ. ನನ್ನ ಕಾಲಿಗಿ ನೀ ಪರೀಕ್ಷಾ ತಗೋತಿ ಏನು? ಕರಾರು ಏನದ?"

ಕರಾರು ಎಂದದ್ದೇ ಅವನು ಬಾಯಿ ಮುಚ್ಚಿದ. ಅವನನ್ನು ಹೇಗೆ ಮುಚ್ಚಿಸಬೇಕೆಂದು ನನಗೆ ಗೊತ್ತಿತ್ತು. ಅವನು ತಂದಿದ್ದ ಎಣ್ಣೆಯನ್ನು ತನ್ನ ಒಳ್ಳೆಯ ಕಾಲಿಗೆ ಮತ್ತೆ ತುಂಬಿ, ಎಲ್ಲವನ್ನೂ ಜೋಡಿಸಿ ಎದ್ದಾಗ ಬಿಸಿಲು ಇಳಿಯುತ್ತಿತ್ತು. ಮತ್ತೆ ಒತ್ತಿ ನೋಡಿದ. ಮತ್ತೆ ಹಿಡಿಯಿತು. ಅವನ ಮುಖದಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ಅವ್ವ ನನ್ನ ಹೆಗಲು ಹಿಡಿದು ಹಿಂದಿನ ಸೀಟು ಹತ್ತಿದಳು. ಅವಳು ಒಂದೇ ಬದಿಗೆ ಕಾಲು ಹಾಕಿ ಕೂಡುತ್ತಾಳೆ, ಒಂದು ಕೈ ಚೀಲಕ್ಕೆ, ಇನ್ನೊಂದು ಕೈ ಅಣ್ಣನ ಅಂಗಿಗೆ. ಕೂತ ಮೇಲೆ ಬಗ್ಗಿ ನನ್ನನ್ನು ಕೇಳಿದಳು.

"ಗಾಡಿ ಛಲೋ ಅದಲ ತಮ್ಮ?"

"ಛಲೋ ಅದವ್ವ. ಫಿಕರ್ ಮಾಡಬ್ಯಾಡ."

ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಗಾಡಿ ತಿರುವು ದಾಟುವವರೆಗೂ ನಿಂತಿದ್ದೆ. ಓಡಿಹೋಗಿ ನಿಲ್ಲಿಸುವಷ್ಟು ಹೊತ್ತು ಇತ್ತು.

ಆ ಸಂಜೆ ಅಂಗಡಿಯಲ್ಲಿ ಯಾವ ಕೆಲಸವೂ ಸಾಗಲಿಲ್ಲ. ದಾರಿಯ ನಡುವಿನ ರಾಜೇಶ್ವರದ ಹತ್ತಿರ ಲಾರಿಗಳ ಓಡಾಟ ಹೆಚ್ಚು. ಅಲ್ಲಿ ರಸ್ತೆಯ ಉಬ್ಬಿನ ಮೇಲೆ ಗಾಡಿ ಜಿಗಿದು, ಪೈಪು ಆ ಗೆರೆಯಲ್ಲಿ ಮಡಚಿ, ಗಾಲಿ ಒಳಗೆ ಮುದುಡಿಕೊಳ್ಳುವುದು ಕಣ್ಣಿಗೆ ಕಟ್ಟುತ್ತಿತ್ತು. ಕತ್ತಲಾಗುವ ಮುಂಚೆ ಅಣ್ಣನ ಫೋನು ಬಂತು. "ಮುಟ್ಟೀವಿ," ಎಂದಷ್ಟೇ ಹೇಳಿ ಇಟ್ಟ. ನಾನು ದೇವರ ಫೋಟೋದ ಕಡೆ ನೋಡಲು ನಾಚಿಕೆಪಟ್ಟೆ. ಆದರೂ ಅವತ್ತು ಹೇಳಲಿಲ್ಲ.

ಸೋಲಾಪುರದ ಪೈಪು ಬಂತು. ನನ್ನ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಬಗ್ಗಿದ ಪೈಪು ಹಾಕಿದ್ದು ಹೆದರಿಕೆಯಿಂದ ಆಯಿತು ಎನ್ನಬಹುದು. ಅವ್ವನಿಗೆ ಸುಳ್ಳು ಹೇಳಿದ್ದು ಒಂದು ಗಳಿಗೆಯ ಮಾತು ಎನ್ನಬಹುದು. ಹೊಸ ಪೈಪು ಕೈಗೆ ಬಂದ ಮೇಲೂ ಅದನ್ನು ಪೇಪರಿನಲ್ಲಿ ಸುತ್ತಿದ್ದು ಸುತ್ತಿದಂತೆಯೇ ಬೆಂಚಿನ ಕೆಳಗೆ ಇಟ್ಟುಕೊಂಡು ಕೂತೆನಲ್ಲ, ಅದಕ್ಕೆ ಯಾವ ಹೆಸರೂ ಇಲ್ಲ. ಇವತ್ತು ಹೋಗಬೇಕು, ನಾಳೆ ಹೋಗಬೇಕು ಎನ್ನುತ್ತಿದ್ದೆ. ಗಿರಾಕಿಗಳ ಗಾಡಿಗಳು ಬರುತ್ತಿದ್ದವು. ಅವರ ಫೋರ್ಕು ಬಿಚ್ಚಿ, ಇದು ಬದಲಿಸಬೇಕು, ಇದರಲ್ಲಿ ಜೀವ ಹೋಗುತ್ತದೆ ಎಂದು ದೊಡ್ಡ ಬಾಯಲ್ಲಿ ಹೇಳುತ್ತಿದ್ದೆ.

ಮೊದಲು ಅಣ್ಣನಿಗೆ ಫೋನು ಮಾಡದ ನಾನು ಈಗ ಮೇಲಿಂದ ಮೇಲೆ ಮಾಡತೊಡಗಿದೆ.

"ಅವ್ವ ಹ್ಯಾಂಗ ಇದಾಳ?"

"ಇದಾಳ. ಸೋಮವಾರ ದವಾಖಾನಿಗಿ ಕೂಡಿಸ್ಕೊಂಡು ಹೋಗಿದ್ದೆ."

"ಗಾಡಿ ಮ್ಯಾಲ?"

"ಮತ್ತ ಹೆಗಲ ಮ್ಯಾಲ ಹೊತ್ಕೊಂಡು ಹೋಗಬೇಕಿತ್ತೇನು?"

"ಸಾವಕಾಶ ಹೊಡಿ."

"ಹ್ಯಾಂಗ ಹೊಡೀಬೇಕು ಅಂತ ನೀ ಕಲಸಬ್ಯಾಡ. ಜೋರಾಗೇ ಹೊಡೀತೀನಿ. ನಿನ್ನ ಕಾಲು ಛಲೋ ಅದಲ."

ಪ್ರತಿ ಸಲ ಇಂಥದೇ ಮಾತು. ಒಂದು ದಿನ ಅವನು ತಾನಾಗಿ ಫೋನು ಮಾಡಿದ. ಅವನು ಹಾಗೆ ಮಾಡುವವನಲ್ಲ. "ನಾಳಿ ಮಾವನ ಮನ್ಯಾಗ ತೊಟ್ಟಿಲ ಕಾರ್ಯ ಅದ. ಅವ್ವನ್ನ ಹಿಂದ ಕೂಡಿಸ್ಕೊಂಡು ಮುಡಬಿಗಿ ಹೊಂಟೀನಿ. ರಸ್ತಾ ಪೂರಾ ತಗ್ಗೇ ಅದಾವಂತ. ನೋಡೋಣು," ಎಂದು ಇಟ್ಟ.

ಮರುದಿನ ಮೊದಲ ಬಸ್ಸಿಗೆ ನಾನು ಬಸವಕಲ್ಯಾಣಕ್ಕೆ ಹೋದೆ. ಪೈಪನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಬಸ್‌ ಸ್ಟ್ಯಾಂಡಿನಿಂದ ಗಿರಣಿಯವರೆಗೆ ಹೆಚ್ಚುಕಡಿಮೆ ಓಡಿದೆ.

ಗಿರಣಿ ನಡೆಯುತ್ತಿತ್ತು. ಜೋಳದ ಡಬ್ಬಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಅಣ್ಣನ ಹುಬ್ಬು, ಮೀಸೆ ಎಲ್ಲ ಹಿಟ್ಟಾಗಿ ಬೆಳ್ಳಗಿದ್ದವು. ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಉದ್ದನೆಯ ಟವೆಲನ್ನೂ ನೋಡಿದ. ಕಲ್ಲಿನೊಳಗೆ ಕಾಳು ಬಿಡುವುದನ್ನು ನಿಲ್ಲಿಸಲಿಲ್ಲ.

"ಅಣ್ಣ, ಗಾಡಿ ತೆಗೀಬ್ಯಾಡ. ಎಡಗಾಲಿನ ಪೈಪ್ ಬಗ್ಗ್ಯಾದ," ಎಂದೆ.

"ಏನಂದಿ? ಕೇಳಸ್ವಲ್ದು."

"ಪೈಪ್ ಬಗ್ಗ್ಯಾದ."

"ಜೋರಂದು. ಗಿರಣಿ ಸಪ್ಪಳ ಅದ."

"ನನ್ನ ಕಾಲಿನ ಪೈಪ್ ಬಗ್ಗಿತ್ತು. ಒತ್ತಿಸಿ ಹಾಕೀನಿ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಇವರಿಗಿ ಕೇಳಸಲಿಲ್ಲ, ಇನ್ನಾ ಜೋರಂದು."

ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕೂಗಿ ಹೇಳಿದೆ. ಗೊತ್ತಿತ್ತು, ಗೊತ್ತಿದ್ದೇ ಅವ್ವನನ್ನು ಕೂಡಿಸಿ ಕಳಿಸಿದೆ ಎಂದು. ಆಗ ಅವನು ಮೋಟಾರಿನ ಬಟನ್ ಒತ್ತಿದ. ಬೆಲ್ಟು ನಿಧಾನವಾಗಿ ನಿಂತಿತು. ಅವನು ಹಿಟ್ಟಿನ ಪೆಟ್ಟಿಗೆಯ ಹಿಂದೆ ಕೈ ಹಾಕಿ ಒಂದು ಪೈಪು ತೆಗೆದು ನನ್ನ ಕಾಲ ಬಳಿ ಎಸೆದ. ನನ್ನದೇ ಪೈಪು. ಗೆರೆ ಇದ್ದ ಜಾಗವನ್ನು ಸುಣ್ಣದಿಂದ ಸುತ್ತಿ ಗುರುತು ಮಾಡಿದ್ದ.

"ಬಂದ ಮರುದಿನಾನೇ ಬಿಚ್ಚೀನಿ," ಎಂದ. "ಕರಾರು ಮುರದೀನಿ. ಹೋಗಿ ಮಾವಗ ಹೇಳು."

ನನಗೆ ಮೊದಲು ಬಂದದ್ದು ಸಮಾಧಾನ. ಅದರ ಹಿಂದೆಯೇ ಸಿಟ್ಟು ಬಂತು. "ಮತ್ತ ದಿನಾ ಗಾಡಿ ಮ್ಯಾಲ ಒಯ್ತೀನಿ ಅಂತ ಹೇಳ್ತಿದ್ದಿ?"

"ನೀ ಯಾವಾಗ ಬರ್ತಿ ನೋಡಬೇಕಾಗಿತ್ತು. ಅವ್ವ ಆಟೋದಾಗ ಹೋಗ್ಯಾಳ ದವಾಖಾನಿಗಿ. ಇವತ್ತ ಮುಡಬಿಗೂ ಬೆಳಗ್ಗೆ ಆಟೋದಾಗೇ ಹೋಗಾಕಿ ಇದ್ಲು, ಮೊಣಕಾಲು ಒಲ್ಲೆ ಅಂತು, ಉಳದಾಳ. ಗಾಡಿ ಹಿತ್ತಲದಾಗ ಒಂದೇ ಕಾಲ ಮ್ಯಾಲ ನಿಂತಾದ, ಹೋಗಿ ನೋಡು."

"ಒಂದು ಮಾತು ಹೇಳಿದ್ರ ನಾ ಅವತ್ತೇ ಬರ್ತಿದ್ದಿಲ್ಲೇನು?"

"ನಾ ಯಾಕ ಹೇಳಬೇಕು? ಬಗ್ಗಿಸಿದವ ನೀ. ಮುಚ್ಚಿದವ ನೀ. ಬಿಸಲಾಗ ನನ್ನ ಕೂಡಿಸಿ, ಛಲೋ ಇದ್ದ ಕಾಲು ಬಿಚ್ಚಾಕ ಹಚ್ಚಿ, ಅಡಿಕಿ ತಿನ್ಕೊಂತ ಕೂತವ ನೀ."

ಹೆಂಗಸರಲ್ಲಿ ಒಬ್ಬಾಕೆ, "ಏನ್ರಿ, ಹಿಟ್ಟು ಹಾಕಿ ಕೊಟ್ಟು ಬಡದಾಡ್ರಿ," ಎಂದಳು.

ಅಣ್ಣ ಇನ್ನೊಂದು ಮಾತು ಹೇಳಿದ. ಅದನ್ನು ಅವನು ಕೂಗಿ ಹೇಳಲಿಲ್ಲ. ಆ ದಿನ ರಾಜೇಶ್ವರ ಬರುವಷ್ಟರಲ್ಲಿ ಹ್ಯಾಂಡಲ್ಲು ಅವನ ಕೈಯಲ್ಲಿ ತಡೆತಡೆದು ಬರುತ್ತಿತ್ತಂತೆ. ಗಾಡಿ ನಿಲ್ಲಿಸಿ, ಅವ್ವ, ನೀನು ಇಳಿ, ಬಸ್ಸಿಗೆ ಹತ್ತಿಸುತ್ತೇನೆ ಎಂದನಂತೆ. "ಇಳಿಯಾಕ ಒಲ್ಲೆ ಅಂದ್ಲು. ತಮ್ಮ ಛಲೋ ಅದ ಅಂದಾನ, ಅವಗ ಗಾಡಿ ತಿಳೀತದ, ನಿನಗೇನು ತಿಳೀತದ ಅಂದ್ಲು. ನನಗ ಬೈದ್ಲು, ತಮ್ಮನ ಮ್ಯಾಲ ಸುಳ್ಳ ಸಂಶಯ ಮಾಡ್ತಿ ಅಂತ. ಕೈ ಹಿಡದು ಇಳಿಸಬೇಕಾಯ್ತು."

ನಾನು ತಂದಿದ್ದ ಪೈಪನ್ನು ಅವನ ಮುಂದೆ ಹಿಡಿದೆ. ಅವನು ಮುಟ್ಟಲಿಲ್ಲ.

"ನನಗ ಹೇಳಿದ್ದು ಆಯ್ತು. ಅಕಿಗಿ ಹೇಳು ಹೋಗು. ನಾ ಹೇಳಿಲ್ಲ. ಇಷ್ಟು ದಿನ ಗಾಡಿ ಯಾಕ ನಿಂತಾದ ಅಂದ್ರ ಎಣ್ಣಿ ಸೋರಾಕತ್ತದ ಅಂದೀನಿ."

ಅವ್ವ ಒಳಗೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಅವಳಿಗೆ ಸಂತೋಷವಾಯಿತು. ಪಾಳಿಯಿಲ್ಲದ ದಿನ ನಾನು ಆ ಮನೆಗೆ ಬಂದದ್ದು ಅದೇ ಮೊದಲು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಪೈಪು, ಪ್ರೆಸ್ಸು, ಗೆರೆ, ಕವರು ಇದೆಲ್ಲ ಅವಳಿಗೆ ತಿಳಿಯಲಿಲ್ಲ. ಅವಳು ಒಂದನ್ನೇ ಹಿಡಿದಳು.

"ನಾ ನಿನಗ ಕೇಳಿದ್ನೆಲ, ಗಾಡಿ ಛಲೋ ಅದೇನಂತ?"

"ಕೇಳಿದ್ದಿ ಅವ್ವ."

"ಅವಾಗ ನಿನಗ ಗೊತ್ತಿತ್ತು."

"ಗೊತ್ತಿತ್ತು."

ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಮೊಣಕಾಲಿನ ಮೇಲೆ ಸೀರೆ ಎಳೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಏನಾದರೂ ಹೇಳುತ್ತಿದ್ದೆ, ಅಣ್ಣನ ಹೆಸರು ತೆಗೆಯುತ್ತಿದ್ದೆ. ಅವಳು ಗೋಡೆಯ ಕಡೆ ನೋಡುತ್ತ, "ಉಂಡು ಹೋಗು," ಎಂದಳು.

ಉಣ್ಣುವ ಮೊದಲು ಹಿತ್ತಲಿಗೆ ಹೋಗಿ ಗಾಡಿಯ ಮುಂದೆ ಕೂತೆ. ಅಣ್ಣ ಗಿರಣಿ ಬಿಟ್ಟು ಬಂದು ನನ್ನ ತಲೆಯ ಮೇಲೆಯೇ ನಿಂತ. "ಎರಡೂ ಕಾಲು ಬಿಚ್ಚು. ನಂದೂ ಬಿಚ್ಚು. ಒಂದೇ ಎಣ್ಣಿ ಹಾಕು. ನಾ ನೋಡ್ತೀನಿ," ಎಂದ. ನಾನು ಎರಡನ್ನೂ ಬಿಚ್ಚಿದೆ. ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿದೆ, ಅವನದು ಬೆರಳಿನ ದಪ್ಪದಷ್ಟು ಕುಗ್ಗಿತ್ತು. ಅಂಗಡಿಗೆ ಹೋಗಿ ಹೊಸ ಜೋಡಿ ತಂದೆ. ಎಣ್ಣೆಯನ್ನು ಅಳೆದು, ಅಳತೆಯ ಲೋಟವನ್ನು ಅವನ ಕಣ್ಣಿಗೆ ಹಿಡಿದು, ಒಂದೊಂದು ಕಾಲಿಗೂ ಹುಯ್ದೆ. ಅವನು ಒಂದು ಸಲವೂ ತಲೆ ಆಡಿಸಲಿಲ್ಲ. ಮುಗಿದ ಮೇಲೆ ಒತ್ತಿ ನೋಡಿದ. ಫೋರ್ಕು ಮೆತ್ತಗೆ ಇಳಿದು ಮೆತ್ತಗೆ ಬಂತು.

"ಇದು ಮೊದಲಿಂದ ಬರ್ತಿತ್ತಲ ನಿನಗ," ಎಂದ. ಹೊಗಳಲು ಹೇಳಿದ್ದಲ್ಲ.

ನಾನು ಊಟ ಮಾಡದೆ ಬಂದೆ. ಅವ್ವ ಕರೆಯಲಿಲ್ಲ.

ದೀಪಾವಳಿಗೆ ಪಾಳಿ ತಿರುಗಿತು. ನಾನು ಬಸವಕಲ್ಯಾಣಕ್ಕೆ ಹೋದೆ, ಅಣ್ಣ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಅವ್ವ ಚೀಲ ಹಿಡಿದು ಹೊರಗೆ ಬಂದಳು. ನಾನು ಗಾಡಿ ಚಾಲು ಮಾಡಿ ಹೆಗಲು ಕೊಟ್ಟು ನಿಂತೆ. ಅವಳು ನನ್ನನ್ನು ದಾಟಿ ಬಸ್‌ ಸ್ಟ್ಯಾಂಡಿನ ಕಡೆ ನಡೆದಳು. "ನಾ ಬಸ್ಸಿನಾಗ ಬರ್ತೀನಿ. ನೀ ಬಾ ಹಿಂದ," ಎಂದಳು.

ಈಗ ಗಾಡಿ ನೆಟ್ಟಗೆ ಹೋಗುತ್ತದೆ. ಎರಡೂ ಕೈ ಬಿಟ್ಟರೂ ಒಂದು ಕಡೆಗೆ ಎಳೆಯುವುದಿಲ್ಲ. ಸೋಮವಾರ ಅವ್ವ ಔಷಧದ ಚೀಲ ಹಿಡಿದು ಅಂಗಡಿಯ ಮುಂದೆಯೇ ಹಾದು ಹೋಗಿ ಆಟೋ ಹತ್ತುತ್ತಾಳೆ. ಪಕ್ಕದ ಅಂಗಡಿಯವರು, ಮಗ ಮೆಕ್ಯಾನಿಕ್ ಇದ್ದು ಅವ್ವ ಆಟೋದಾಗ ಯಾಕ ಹೋಗ್ತಾಳ್ರಿ ಎಂದು ಕೇಳುತ್ತಾರೆ. ಅವಳು ಯಾರಿಗೂ ಏನೂ ಹೇಳಿಲ್ಲ. ನಾನು ಕೈ ಒರೆಸಿಕೊಂಡು ಬುಲೆಟ್ ಚಾಲು ಮಾಡಿ, ಆಟೋದ ಹಿಂದೆ ದವಾಖಾನೆಯವರೆಗೂ ಹೋಗುತ್ತೇನೆ. ಅವಳು ಚೀಟಿ ಮಾಡಿಸಿ ಒಳಗೆ ಹೋಗಿ ಬರುವವರೆಗೆ ಗೇಟಿನ ಹೊರಗೆ ನಿಂತಿರುತ್ತೇನೆ. ಹೊರಗೆ ಬಂದು ನನ್ನನ್ನು ನೋಡುತ್ತಾಳೆ, ಗಾಡಿಯನ್ನೂ ನೋಡುತ್ತಾಳೆ, ಮತ್ತೆ ಆಟೋಕ್ಕೆ ಕೈ ಮಾಡುತ್ತಾಳೆ. ಹಿಂದಿನ ಸೀಟು ಖಾಲಿ ಇಟ್ಟುಕೊಂಡು ನಾನು ಮನೆಯವರೆಗೂ ಆಟೋದ ಹಿಂದೆ ಬರುತ್ತೇನೆ.